ಎರಡನೇ ಫಾರಂ

ಬಂದರಿನ ಓಣಿಯ ಪ್ರೆಸ್ಸಿನಲ್ಲಿ ನಾನು
ಹೊಲಿಯುವವಳು. ಹದಿನೇಳು ವಯಸ್ಸು.
ದಬ್ಬಳ, ಮೇಣ ಸವರಿದ ನೂಲು, ಮೈದಾ ಅಂಟು.
ಏನು ಹೊಲಿದೆನೋ ಓದಿದವಳಲ್ಲ,
ಪುಟದ ಅಂಕೆ ಸರಿಯಿದ್ದರೆ ಸಾಕು.

ಬೆಂಗ್ರೆಯಿಂದ ಹೊಳೆ ದಾಟಿ ಬರುತ್ತಿದ್ದರು
ದೂಮಣ್ಣ ತಿಂಗಳಾಯರು, ಅಂಗಿಯಲ್ಲಿ ಉಪ್ಪಿನ ಗೆರೆ,
ಕಂಕುಳಲ್ಲಿ ಲೆಕ್ಕದ ಪುಸ್ತಕ.
ಅದರ ತುಂಬ ಗಾಳಿಗಳ ಹೆಸರು:
ಯಾವ ಗಾಳಿಗೆ ಯಾವ ಮೀನು, ಯಾವ ಗಾಳಿಗೆ ಮನೆ.
ಮೂವತ್ತೆರಡು ಪುಟ. ಇನ್ನೂರು ಪ್ರತಿ.
ದುಡ್ಡು ಮೂರು ಕಂತಿನಲ್ಲಿ,
ಮೂರನೆಯದು ಒಣ ಬಂಗುಡೆ.

ಏನು ಅಚ್ಚಾದರೂ ಒಂದು ಪ್ರತಿ ಕಲಕತ್ತೆಗೆ ಹೋಗಬೇಕು,
ದೇಶದ ಲೈಬ್ರರಿಗೆ, ಅದೂ ನಮ್ಮ ಖರ್ಚಿನಲ್ಲಿ.
"ಕಾನೂನು ಉಂಟು ಮಾರಾಯ್ತಿ," ಗೊಣಗುತ್ತಿದ್ದರು ದೇವರಾಯ ಬಾಳಿಗರು,
"ಪುಸ್ತಕಕ್ಕಿಂತ ಸ್ಟಾಂಪು ದುಬಾರಿ."
ನನ್ನ ಕೈತಪ್ಪಿ ಒಂದರಲ್ಲಿ
ಎರಡನೇ ಫಾರಂ ತಲೆಕೆಳಗಾಗಿತ್ತು.
ಬಿಚ್ಚಲು ಹೊರಟವಳನ್ನು ತಡೆದು ನಕ್ಕರು:
"ಇದನ್ನೇ ಕಳಿಸು ಲೋಲಾಕ್ಷಿ.
ಅಲ್ಲಿ ಯಾರು ಬಿಡಿಸಿ ನೋಡ್ತಾರೆ?"

ಗೋಣಿದಾರ ಕಟ್ಟಿದೆ, ಅರಗು ಒತ್ತಿದೆ, ಕಳಿಸಿದೆ.

ನೂರು ಚಿಲ್ಲರೆ ಪ್ರತಿ ಅಟ್ಟದಲ್ಲೇ ಒರಲೆ ತಿಂದಿತು.
ಕೆಲವು ಶುಂಠಿ, ಜೀರಿಗೆಗೆ ಪೊಟ್ಟಣವಾದವು.
ತಿಂಗಳಾಯರ ಸ್ವಂತದ್ದು ಅವರ ಜೊತೆ ದೋಣಿಯಲ್ಲಿತ್ತು.
ದೋಣಿ ಬರಲಿಲ್ಲ.
ಅಚ್ಚಿನ ಮೊಳೆಗಳನ್ನು ತೂಕಕ್ಕೆ ಹಾಕಿದರು,
ಪ್ರೆಸ್ಸಿದ್ದಲ್ಲಿ ಈಗ ಚಪ್ಪಲಿ ಅಂಗಡಿ.

ನಿನ್ನೆ ಅವರ ಮೊಮ್ಮಗಳು ನನ್ನನ್ನು ಹುಡುಕಿ ಬಂದಳು.
ಕಲಕತ್ತೆಗೆ ಬರೆದಿದ್ದಳಂತೆ, ಆರು ತಿಂಗಳಾಯಿತಂತೆ.
ಉಂಟಂತೆ! ಬೆನ್ನಿಗೆ ನಂಬರು ಹಚ್ಚಿಕೊಂಡು,
ಇನ್ಯಾವುದೋ ಹೊಳೆಯ ಮಗ್ಗುಲಲ್ಲಿ.
ಫೋಟೋದಲ್ಲಿ ನೋಡಿದೆ, ನನ್ನ ನೂಲು
ಇನ್ನೂ ಬಿಟ್ಟಿಲ್ಲ.

ಹದಿನಾರರ ಮುಂದೆ ಮೂವತ್ತೆರಡು: ಗಾಳಿಗಳ ಚಕ್ರ.
ಬಡಕಾಯಿ ಕೆಳಗೆ, ತೆನ್ಕಾಯಿ ಮೇಲೆ,
ಪಡ್ಡಾಯಿಯ ಕಡಲು ಮೂಡಾಯಿಗೆ ಹೋಗಿ ಕೂತಿದೆ.
ಹುಡುಗಿ ಟ್ಯಾಬ್ ತಿರುಗಿಸಿದಳು.
ಪುಟವೂ ಜೊತೆಗೇ ತಿರುಗಿ ಪುನಃ ತಲೆಕೆಳಗೆ.
ಇನ್ನೊಮ್ಮೆ. ಪುನಃ ಹಾಗೆಯೇ.
ಯಾರ ತಪ್ಪೆಂದು ಅವಳು ಕೇಳಲಿಲ್ಲ.
ನಾನೂ ಹೇಳಲಿಲ್ಲ.

"ನೆಲದಲ್ಲಿಡು ಮಗಾ," ಎಂದೆ.
ಮೊಣಕಾಲು ಹಿಡಿದು ಎದ್ದು
ಆಚೆ ಬದಿಗೆ ಹೋಗಿ ಕೂತೆ.
ಬೆರಳಿಟ್ಟು ಓದಿದೆ, ಮೊದಲ ಸಲ:
ತೆನ್ಕಾಯಿಗೆ ಬೂತಾಯಿ.
ಪಡ್ಡಾಯಿಗೆ ಮನೆ.