ನಾಲ್ಕರಿಂದ ಐದೂಮುಕ್ಕಾಲು

ಅಂಗನವಾಡಿಗೆ ಬೀಗ ಬೀಳುವುದು ನಾಲ್ಕಕ್ಕೆ.
ಬೈಕಂಪಾಡಿಯ ಗೇರುಬೀಜದ ಕಾರ್ಖಾನೆ
ನನ್ನನ್ನು ಬಿಡುವುದು ಐದೂವರೆಗೆ,
ಬೆರಳಿನ ಸೊನೆ ಉಜ್ಜಿ ರಸ್ತೆಗೆ ಬರುವಾಗ ಐದೂಮುಕ್ಕಾಲು.
ನಡುವಿನ ಈ ಒಂದೂಮುಕ್ಕಾಲು ಗಂಟೆಯನ್ನು
ಎಲ್ಲಿ ಕೂರಿಸುವುದು, ಯಾರ ಮಡಿಲಲ್ಲಿ?

ಅತ್ತೆಯ ಮಡಿಲು ಉಂಟು. ಆದರೆ ವಾರಿಜಕ್ಕ
ಅದೇ ಹೊತ್ತಿಗೆ ತಡ್ಪೆ ಗೋಡೆಗೊರಗಿಸಿ
ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಂತಿರುತ್ತಾರೆ.
ತಡವಾದರೆ ಎಲೆ ಮುಗಿಯುತ್ತದೆ.
ಎಲೆ ಇಲ್ಲದಿದ್ದರೆ ನಾಳೆ ಇಲ್ಲ.

ಕಾರ್ಖಾನೆಯಲ್ಲಿ ಕೇಳಿದೆ, ಮಕ್ಕಳ ಕೋಣೆ ಯಾಕಿಲ್ಲ ಅಂತ.
ಐವತ್ತು ಜನ ಇದ್ದರೆ ಇಡಬೇಕು, ಕಾನೂನು ಹೌದು, ಎಂದರು ರೈಟರು.
ಪುಸ್ತಕದಲ್ಲಿ ನಾವು ನಲವತ್ತೆಂಟು.
ಬೆಂಚಿನಲ್ಲಿ ಎಣಿಸಿದರೆ ಎಪ್ಪತ್ತರ ಮೇಲೆ.
ಇಡಿಯದು ಈ ಬದಿ, ಹೋಳು ಆ ಬದಿ, ನುಚ್ಚು ಕೆಳಗಿನ ಬುಟ್ಟಿಗೆ:
ದಿನವಿಡೀ ಬೇರ್ಪಡಿಸುವವಳು ನಾನು,
ನಾನು ಯಾವ ಬುಟ್ಟಿಗೆ ಬಿದ್ದೆನೆಂದು
ಅವತ್ತು ಗೊತ್ತಾಯಿತು.

ಹಾಗಾಗಿ ಪ್ರಾಪ್ತಿ, ನಾಲ್ಕೂ ಐದಕ್ಕೆ,
ಕುಳಾಯಿಯ ಸ್ಟಾಪಿನಲ್ಲಿ ಲವೀನಾ ಟೀಚರ ಕೈ ಬಿಟ್ಟು
ಅಪ್ಪನ ಬಸ್ಸು ಹತ್ತುತ್ತಾಳೆ.
ಎಂಜಿನ್ನಿನ ಬಿಸಿ ಪೆಟ್ಟಿಗೆಯ ಪಕ್ಕದ ಸೀಟು.
ಪಣಂಬೂರು, ಕೂಳೂರು, ಕೊಟ್ಟಾರ ಚೌಕಿ, ಲಾಲ್‌ಬಾಗ್...
ಅ ಆ ಇ ಈ ಬರುವ ಮೊದಲೇ ಇವು ಬಂದವು ಅವಳಿಗೆ.
ಸ್ಟೇಟ್‌ಬ್ಯಾಂಕಿನಲ್ಲಿ ಅರ್ಧ ಬನ್ಸು, ಬಾಟ್ಲಿಯ ನೀರು,
ಮತ್ತೆ ಅದೇ ಊರುಗಳು, ಹಿಂದುಮುಂದಾಗಿ.
ನಿದ್ದೆ ಬಂದರೆ ಮೀನು ಮಾರಿ ಬರುವ ಸೇಸಿಯಕ್ಕನ ತೊಡೆ,
ಇಲ್ಲವೇ ನರ್ಸಿಂಗ್ ಓದುವ ಯಾವುದೋ ಹುಡುಗಿಯ ಬ್ಯಾಗು.

ಬೈಕಂಪಾಡಿಯಲ್ಲಿ ನಾನು ಹತ್ತುತ್ತೇನೆ.
ಯಶೋಧರ ನನಗೂ ಟಿಕೇಟು ಹರಿಯುತ್ತಾನೆ,
ದುಡ್ಡು ತನ್ನ ಜೇಬಿನಿಂದ ತೆಗೆದು ಚೀಲಕ್ಕೆ ಹಾಕುತ್ತಾನೆ.
ಹಗಲಿನಲ್ಲಿ ನಾವು ಗಂಡಹೆಂಡತಿ ಆಡುವ ಮಾತು ಇಷ್ಟು:
"ಕೆಮ್ಮು ಕಡಿಮೆ ಉಂಟಾ?"
"ಉಂಟು."
"ಮುಂದೆ ಹೋಗಿ, ಮುಂದೆ ಹೋಗಿ."

ಹೆಂಗಸರಿಗೆ ಬಸ್ಸು ಫ್ರೀ ಎಂದು ಟೀವಿಯಲ್ಲಿ ಬಂದ ರಾತ್ರಿ
ಅವನು ನಕ್ಕಿದ್ದ. ನಮ್ಮ ಸ್ಟಾಪುಗಳಲ್ಲಿ ನಿಲ್ಲುವುದೆಲ್ಲ ಪ್ರೈವೇಟು.
ಸರಕಾರದ ಬಸ್ಸು ಹೆದ್ದಾರಿಯಲ್ಲಿ ಹಾರ್ನು ಹೊಡೆದು
ಸೀದಾ ಕುಂದಾಪುರಕ್ಕೆ ಹೋಗುತ್ತದೆ, ನಾವು ಕೈ ಹಿಡಿದರೂ.

ಲಕ್ಷ್ಮಿಯ ಎರಡು ಸಾವಿರ ಮಾತ್ರ ಮನೆಗೆ ಬರುತ್ತದೆ.
ಎರಡು ತಿಂಗಳು ಬಾರದೆ ಮೂರನೆಯದಕ್ಕೆ
ನೆನಪಾದ ನೆಂಟನ ಹಾಗೆ.
ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ; ಖಾತೆಯೂ ಅವರದೇ.
ನನ್ನ ಹೆಸರಿಗೆ ಬಂದಿದ್ದರೆ?
ಯೋಚಿಸಿಲ್ಲ ಎಂದರೆ ಸುಳ್ಳಾಗುತ್ತದೆ.
ಒಂದೆರಡು ದಿನದ ರಜೆ ಕೊಂಡು
ಕಿಟಕಿ ಹಾಕಿ ಮಲಗುತ್ತಿದ್ದೆ.

ದೀಪಾವಳಿ ಕಳೆದ ವಾರ ಬಸ್ಸಿನ ಧನಿ ಹೇಳಿ ಕಳಿಸಿದರು:
ಮಗು ಬೆಳೆದಿದೆ. ಸೀಟು ಹಿಡಿಯುತ್ತದೆ. ಅರ್ಧ ಟಿಕೇಟು ಹರಿಯಲಿ.
ಯಶೋಧರ ಉಣ್ಣದೆ ಎದ್ದ.
ಅತ್ತೆ ಡಬ್ಬಿ ತೆಗೆದು, ಬೀಡಿಯ ಕಟ್ಟು ಎಣಿಸುವ ಬೆರಳಿನಲ್ಲೇ
ನೋಟು ಎಣಿಸಿ, ಆರುನೂರೈವತ್ತು ಬೇರೆ ಇಟ್ಟರು.
"ಯಜಮಾನಿ ನಾನಂತೆ, ಬೆಂಗಳೂರಿನಿಂದ ಹೇಳಿದ್ದಾರೆ.
ಇದು ಮಗುವಿನದ್ದು. ತಿಂಗಳು ತಿಂಗಳು."
ಬಾರದ ತಿಂಗಳು ಏನು ಮಾಡುವುದು ಎಂದು
ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಹೊಸಬೆಟ್ಟಿನ ನಮ್ಮ ಜಗಲಿಯಲ್ಲಿ
ರಾತ್ರಿ ಇನ್ನೊಂದು ಟ್ರಿಪ್ಪು ಹೊರಡುತ್ತದೆ.
ಪ್ರಾಪ್ತಿಯ ಹೆಗಲಲ್ಲಿ ನನ್ನ ಹಳೆ ಪರ್ಸು,
ಮುಷ್ಟಿಯಲ್ಲಿ ಅವಳದೇ ಹರಿದ ಟಿಕೇಟುಗಳು.
"ಅಜ್ಜಿ, ಎಲ್ಲಿಗೆ?"
ಅತ್ತೆ ಎಲೆ ಕತ್ತರಿಸುತ್ತ, ತಲೆ ಎತ್ತದೆ,
"ಬ್ರಾಂಚಿಗೆ ಒಂದು."
"ನಿಮಗೆ?"
ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ. "ಮನೆಗೆ" ಎಂದೆ.
ಅವಳು ಪರ್ಸು ತಡಕಿದಳು, ನನ್ನ ಮುಖ ನೋಡಿದಳು,
ಅಪ್ಪನದೇ ಧ್ವನಿಯಲ್ಲಿ ಹೇಳಿದಳು:
"ಇದು ಅಲ್ಲಿಗೆ ಹೋಗುವುದಿಲ್ಲ.
ಹಿಂದಿನದರಲ್ಲಿ ಬನ್ನಿ.
ರೈಟ್ ಪೋಯಿ!"