ಏಳರದ್ದೋ ಹತ್ತರದ್ದೋ

ಮೊದಲು ಹತ್ತರದ್ದು ಕೊಟ್ಟ ಕೊಳಂಬಕರನ ಹುಡುಗ.
ಅಂಗಡಿಯ ಮೆಟ್ಟಿಲಲ್ಲೇ ನಿಂತು ದೇವಗಡದ ದೀಪಸ್ತಂಭಕ್ಕೆ ಹಿಡಿದೆ.
ಗಾಜಿನ ಮನೆ, ಬುಡದ ಕಲ್ಲಿಗೆ ಬಡಿವ ನೊರೆ
ಮೂಗಿನ ತುದಿಗೇ ಬಂತು,
ಜೊತೆಗೆ ನನ್ನ ಕೈನಡುಕವೂ,
ಅದೂ ಹತ್ತು ಪಟ್ಟು.

'ಹಂದಿ ಬೇಟೆಗೋ ತಾಂಡೇಲರೇ?'
ಬಂಗುಡೆ ಬೇಟೆಗೆ, ಅಂದೆ. ನಕ್ಕ.
ನಗಲಿ. ಹಂದಿ ನೆಲ ಕೆದರಿ ಗುರುತು ಬಿಟ್ಟು ಹೋಗುತ್ತದೆ.
ಬಂಗುಡೆಯ ಹಿಂಡು ಬಿಡುವುದು
ನೀರ ಮೇಲೊಂದು ಮಬ್ಬು,
ನೇರಳೆಯೂ ಅಲ್ಲ ಕಪ್ಪೂ ಅಲ್ಲ,
ಮೇಲೆ ನಾಲ್ಕು ಕಡಲಹಕ್ಕಿ.
ಬೋಟಿನ ಮೀನು ತೋರುವ ಪೆಟ್ಟಿಗೆಗೆ
ಅಡಿಯದಷ್ಟೇ ಗೊತ್ತು, ಆಚೆಯದಲ್ಲ.

ಏಳರದ್ದು ತೆಗೆ.
ಬಾಯಿ ಅಗಲ, ತೂಕ ಒಂದು ಇಸ್ವಾಣದ ಮರಿ.
ದೀಪಸ್ತಂಭ ಸಣ್ಣದಾಯಿತು, ಆದರೆ ನಿಂತಿತು.
ಬಲಗಣ್ಣಿನ ಕೊಳವೆಗೆ ಬೇರೆಯೇ ತಿರುಪು;
ಪೊರೆ ತೆಗೆಸಿದ ಕಣ್ಣನ್ನೂ ತೆಗೆಸದ ಕಣ್ಣನ್ನೂ
ಒಂದೇ ಹಕ್ಕಿಗೆ ಒಪ್ಪಿಸುವಷ್ಟರಲ್ಲಿ
ಹುಡುಗ ಚಹಾ ಕುಡಿದು ಬಂದ.

ಆ ದುಂಡಿನೊಳಗೆ
ಕೂರ್ಮಗಡದ ಕಡೆಯಿಂದ ಪುರ್ಸುವಿನ ಬೋಟು.
ನೀರಿನಿಂದ ಎತ್ತರಕ್ಕೆ ಎದ್ದಿದೆ,
ಅಂದರೆ ಖಾಲಿ.
ಮೂರು ವರ್ಷದಿಂದ ಮಾತಿಲ್ಲ ನಮಗೆ, ಬಲೆಯ ಜಗಳ.
ಸಾಕಷ್ಟು ಹೊತ್ತು ಹಿಡಿದೇ ಇದ್ದೆ.
ಹತ್ತಿರ ಬಂದಾಗ ಅವನು
ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ,
ಒರೆಸುತ್ತಲೇ ಇದ್ದ.
ಇಳಿಸಿದೆ.

ನೂರೈವತ್ತು ಬಿಡಿಸಿಕೊಂಡೆ.
ಗ್ಯಾರಂಟಿ ಒಂದು ವರ್ಷ ಎಂದು ಬರೆದು
ಕೆಳಗೆ ಸಣ್ಣದಾಗಿ ಸೇರಿಸಿದ:
ಉಪ್ಪುನೀರಿಗೆ ಇಲ್ಲ.
ಪಟ್ಟಿ ಕೊರಳಿಗೆ ಹಾಕಿಕೊಂಡು
ಬೈತಕೋಲದ ದಾರಿ ಹಿಡಿದೆ.
ಪುರ್ಸು ಅಷ್ಟರಲ್ಲಿ ಲಂಗರು ಹಾಕಿರುತ್ತಾನೆ.