ಏಳು ನಿಮಿಷ

ನಾಲ್ಕಡಿ ಅಗಲ, ಮೂರಡಿ ಎತ್ತರ. ಇಷ್ಟರೊಳಗೆ
ಎಲ್ಲವೂ ಹಿಡಿಸಬೇಕು ಎಂದಿದ್ದರು ದಾಕ್ಷಾಯಿಣಿ ಮೇಡಂ:
ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ,
ಕೆಳಗೆ ಕೃತಜ್ಞತೆ, ಅದರ ಪಕ್ಕ ಕಾಲೇಜಿನ ಲಾಂಛನ.
ಅಕ್ಷರ ಐದಡಿ ದೂರಕ್ಕೆ ಕಾಣಬೇಕು.
ಮಾತು ಏಳೇ ನಿಮಿಷ, ಆಮೇಲೆ ಗಂಟೆ ಹೊಡೆಯುತ್ತಾರೆ.

ನಾನೂ ಫರ್ಹಾನಾಳೂ ಮೊದಲು ಬರೆದದ್ದು
'ದಿನಕ್ಕೆ ಎಂಟು ಲೋಟ ನೀರು'.
ನೀಲಿ ಲೋಟ, ನಗುವ ಹನಿ, ಹನಿಗೆ ಎರಡು ಕಣ್ಣು.

ಹಾಸನದ ಕೈಗಾರಿಕಾ ಪ್ರದೇಶದ ಆ ಗಾರ್ಮೆಂಟ್ಸಿಗೆ
ಆರು ಬುಧವಾರ ಹೋದೆವು, ಊಟದ ಅರ್ಧ ಗಂಟೆಯಲ್ಲಿ.
ಉರಿಮೂತ್ರ ಯಾಕೆ ಬರುತ್ತೆ, ಕಿಡ್ನಿ ಎಲ್ಲಿರುತ್ತೆ,
ಚಾರ್ಟು ಹಿಡಿದು ಹೇಳಿದೆವು.
ಅವರು ಡಬ್ಬಿ ಬಿಚ್ಚಿ, ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ
ಹೂಂ ಅಂದರು.
ಚೆಂದಾಗ್ ಹೇಳ್ತೀಯ ಕಣವ್ವ ಅಂದರು.

ಆರನೇ ಬುಧವಾರ ಎಣಿಸಿದರೆ
ಒಂದು ಲೈನಿನ ನಲವತ್ತು ಹೆಂಗಸರ ಬಾಟಲಿಗಳಲ್ಲಿ
ನೀರು ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ.

ಕಾಲರ್ ಹೊಲಿಯುವ ಹೊಂಬಾಳಮ್ಮ, ದುದ್ದದ ಕಡೆಯವಳು,
ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಕೇಳಿದಳು:
'ಕುಡಿಯದೇನೋ ಕುಡೀತೀವಿ.
ಹೋಗಾದೆಲ್ಲಿಗೆ?'

ಲೈನಿಗೊಂದೇ ಟೋಕನ್ನು.
ಸೂಪರ್‌ವೈಸರ್ ಬೆನ್ನ ಹಿಂದೆ ಮೊಳೆಗೆ ತೂಗುವ
ಹಳದಿ ಪ್ಲಾಸ್ಟಿಕ್ ಬಿಲ್ಲೆ, ಅಂಚು ಸವೆದದ್ದು.
ಮೊಳೆಯಲ್ಲಿ ಇದ್ದರೆ ಏಳಬಹುದು;
ಇಲ್ಲದಿದ್ದರೆ ತೊಡೆ ಬಿಗಿಹಿಡಿದು ಇನ್ನೊಂದು ಕಾಲರು,
ಅದಾದ ಮೇಲೆ ಇನ್ನೊಂದು.
'ಇದ್ನೂ ಬರ್ಕೊ,' ಅಂದಳು, 'ಜಾಗ ಇದ್ರೆ.'

ಜಾಗ ಇರಲಿಲ್ಲ.
ಹಾಸ್ಟೆಲ್ ಮೆಸ್ಸಿನ ಮೇಜಿನ ಮೇಲೆ, ಸಾಂಬಾರಿನ ಕಲೆಯ ನಡುವೆ
ಲ್ಯಾಪ್‌ಟಾಪ್ ಇಟ್ಟು ಉದ್ದೇಶವನ್ನು ಕಿರಿದು ಮಾಡಿದೆವು,
ಹಿನ್ನೆಲೆಯನ್ನು ಅರ್ಧಕ್ಕೆ ಕತ್ತರಿಸಿದೆವು.
ಮೇಡಂ ಕನ್ನಡಕ ತೆಗೆದು ಒರೆಸುತ್ತ, ನಮ್ಮ ಮುಖ ನೋಡದೆ,
'ಮುಂದಿನ ಬ್ಯಾಚಿಗೂ ಅವರು ಗೇಟು ತೆಗೀಬೇಕಲ್ಲವೇನ್ರೇ?
ಮಿತಿಗಳು ಅಂತ ಒಂದು ಸಾಲು ಹಾಕಿಬಿಡಿ' ಅಂದರು.
ಹಾಕಿದೆವು:
'ಶೌಚಾಲಯದ ಲಭ್ಯತೆಯನ್ನು ಪರಿಗಣಿಸಿರುವುದಿಲ್ಲ.'
ಒಂದಡಿಯಿಂದಲೂ ಓದಲಾಗದಷ್ಟು ಸಣ್ಣ ಅಕ್ಷರ.

ಸಂತೆಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ರಾತ್ರಿ ಒಂಬತ್ತೂವರೆ.
ಹುಡುಗ ಕೇಳಿದ, ಹನಿಯ ಕಣ್ಣು ಸ್ವಲ್ಪ ದೊಡ್ಡದು ಮಾಡಲಾ?
ಫರ್ಹಾನಾ ಅಂದಳು, ಹನೀನೇ ತೆಗಿ.
ತೆಗೆದ. ಅಲ್ಲೊಂದು ಬಿಳಿ ಗುಂಡಿ ಉಳಿಯಿತು.
ಅವಳೇ ಮೌಸ್ ಇಸಿದುಕೊಂಡು ಒಂದು ಹಳದಿ ವೃತ್ತ ಎಳೆದಳು,
ಮೇಲ್ತುದಿಗೆ ಮೊಳೆಯಷ್ಟು ತೂತು.
'ಏನಕ್ಕ ಇದು, ಸೂರ್ಯನಾ?'
ನಾವು ದುಡ್ಡು ಎಣಿಸುತ್ತಿದ್ದೆವು. ಮುನ್ನೂರ ಅರವತ್ತು. ಚಿಲ್ಲರೆ ಇರಲಿಲ್ಲ.

ಮರುದಿನ ಎಂಟೂವರೆಯಿಂದ ಪೋಸ್ಟರಿನ ಪಕ್ಕ ನಿಂತೇ ಇದ್ದೆ.
ಬಾಯಿ ಒಣಗಿತ್ತು. ಬ್ಯಾಗಿನಲ್ಲಿ ನೀರಿತ್ತು.
ಸಭಾಂಗಣದ ಶೌಚಾಲಯದ ಬೀಗದ ಕೈ
ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ;
ಕುಡಿಯಲಿಲ್ಲ.

ಬಾಯಿಪಾಠ ಮಾಡಿದ್ದೆಲ್ಲ ಸಲೀಸಾಗಿ ಬಂತು. ಹಿನ್ನೆಲೆ, ವಿಧಾನ,
ಶೇಕಡಾವಾರು, ಧನ್ಯವಾದ.
ತೀರ್ಪುಗಾರರೊಬ್ಬರು ಬಾಟಲಿಯ ಮುಚ್ಚಳ ತಿರುಗಿಸುತ್ತ
'ಆ ಹಳದಿ ಏನಮ್ಮ?' ಅಂದರು.

ಕೊನೆಯ ಸಾಲಿನಲ್ಲಿ ಮೇಡಂ ತಲೆ ಅಲ್ಲಾಡಿಸಿದರು.
ಬೇಡ ಅಂತಲೋ, ಹೇಳು ಅಂತಲೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.
ಗಂಟೆಯ ಮೇಲೆ ಕೈಯಿಟ್ಟು ಕೂತಿದ್ದವನು
ಗಡಿಯಾರ ನನ್ನ ಕಡೆ ತಿರುಗಿಸಿದ.
ನಲವತ್ತು ಸೆಕೆಂಡು ಉಳಿದಿತ್ತು.
ತಲೆಗೊಂದು.